ಕುರ್ಚಿಯ ತಳದ ಅಂಕಿ

ಹೋಟೆಲಿಗೆ ಹೋದವರು ಮೊದಲು ನೋಡುವುದು ಏನನ್ನು? ಹಸಿದವರು ಪಕ್ಕದ ಮೇಜಿನವರ ತಟ್ಟೆ ನೋಡುತ್ತಾರೆ, ಕೈ ಬಿಗಿ ಇರುವವರು ಮೆನು ಕಾರ್ಡಿನ ಬಲಬದಿ ನೋಡುತ್ತಾರೆ. ಕುರ್ಚಿ ಮೇಸ್ತ್ರಿ ಮಾತ್ರ ಕೂರುವ ಮೊದಲು ಕುರ್ಚಿಯನ್ನು ಮಗುಚಿ ಅದರ ತಳ ನೋಡುತ್ತಿದ್ದ. ತಳದಲ್ಲಿ, ಹಿಂಗಾಲು ಸೇರುವ ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ ಇದ್ದರೆ ಅದು ಅವನೇ ಮಾಡಿದ ಕುರ್ಚಿ. ನಲವತ್ತೈದು ಎಂದಿದ್ದರೆ ಅದರಲ್ಲಿ ಕೂತವರು ನಲವತ್ತೈದು ನಿಮಿಷ ಹಾಯಾಗಿರುತ್ತಾರೆ, ಆಮೇಲೆ ತಮಗೇ ತಿಳಿಯದಂತೆ ಒಮ್ಮೆ ಮಿಸುಕುತ್ತಾರೆ, ಸ್ವಲ್ಪ ಹೊತ್ತಿಗೆಲ್ಲ ಬಿಲ್ ತರಲು ಹೇಳುತ್ತಾರೆ ಎಂದು ಅರ್ಥ.

ಇದನ್ನು ತಮಾಷೆ ಎಂದುಕೊಳ್ಳಬೇಡಿ. ಹೋಟೆಲಿನ ಕುರ್ಚಿ ಬೇರೆ, ಮನೆಯ ಕುರ್ಚಿ ಬೇರೆ. ಆಫೀಸುಗಳ ಬೀದಿಯ ಹೋಟೆಲಿನವನಿಗೆ ಗಿರಾಕಿ ತಿಂದು ಬೇಗ ಏಳಬೇಕು. ಹತ್ತನೇ ಮಹಡಿಯ ಹೋಟೆಲಿನವನಿಗೆ ಗಿರಾಕಿ ಏಳಲೇಬಾರದು, ಕೂತಲ್ಲೇ ಇನ್ನೊಂದು ಮತ್ತೊಂದು ತರಿಸುತ್ತಿರಬೇಕು. ಆಸನವನ್ನು ಅರ್ಧ ಬೆರಳು ಮುಂದಕ್ಕೆ ವಾಲಿಸಿದರೆ ಮನುಷ್ಯ ಬೇಗ ಏಳುತ್ತಾನೆ, ಅಷ್ಟೇ ಹಿಂದಕ್ಕೆ ವಾಲಿಸಿದರೆ ಅಲ್ಲೇ ಸಂಸಾರ ಹೂಡುತ್ತಾನೆ. ಈ ಅರ್ಧ ಬೆರಳಿನ ವಿದ್ಯೆಯನ್ನು ನಂಬಿ ಮೇಸ್ತ್ರಿ ಸೈಕಲ್ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ, ಮರದ ಹೊಟ್ಟಿನ ನಡುವೆ, ಮೂವತ್ತು ವರ್ಷ ಜೀವನ ಮಾಡಿದ್ದ. ಅವನ ಬಳಿ ಗರಗಸ, ಉಳಿ, ಕೀಸುಳಿ ಎಲ್ಲ ಇದ್ದವು. ಆದರೆ ನಿಜವಾದ ಅಳತೆಗೋಲು ಇದ್ದದ್ದು ಕೋಣೆಯ ಮೇಲಿನ ಮನೆಯಲ್ಲಿ. ಅದು ಅವನ ಹೆಂಡತಿ.

ಮದುವೆಯಾದ ಹೊಸತರಲ್ಲಿ ಅವನು ಒಂದು ಕುರ್ಚಿಯನ್ನು ಮನೆಗೆ ತಂದಿಟ್ಟಾಗ ಅವಳು ಅದರಲ್ಲಿ ಕೂತು ಪೇಪರ್ ಓದಿದ್ದಳು. ಅವಳು ಪೇಪರನ್ನು ಎಲ್ಲರಂತೆ ಓದುವವಳಲ್ಲ. ಮೇಲಿನ ತಾರೀಖಿನಿಂದ ಹಿಡಿದು ಕೊನೆಯ ಪುಟದ ಬುಡದಲ್ಲಿರುವ ಪ್ರೆಸ್ಸಿನ ವಿಳಾಸದವರೆಗೆ ಒಂದಕ್ಷರ ಬಿಡುವುದಿಲ್ಲ. ನಾಯಿ ಕಾಣೆಯಾಗಿದೆ ಎಂಬ ಜಾಹೀರಾತು ಓದಿದರೆ, ಅದು ಸಿಕ್ಕಿತೋ ಇಲ್ಲವೋ ಎಂದು ವಾರವೆಲ್ಲ ಚಡಪಡಿಸುವವಳು. ಹಾಗೆ ಮೈಮರೆತು ಕೂತವಳು ಯಾವಾಗ ಮಿಸುಕುತ್ತಾಳೆ ಎಂದು ಅವನು ಸುಮ್ಮನೆ ಗಡಿಯಾರ ನೋಡಿದ. ಮೂವತ್ತೆಂಟು ನಿಮಿಷ. ಅದೇ ಕುರ್ಚಿ ಹೋಟೆಲಿಗೆ ಹೋದ ಮೇಲೆ ಗಿರಾಕಿಗಳೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಮಿಸುಕಿದರು. ಅಂದಿನಿಂದ ಮಾದರಿಗೆ ಮಾಡಿದ ಪ್ರತಿ ಕುರ್ಚಿಯೂ ಮೊದಲು ಅವಳ ಬಳಿ ಪಾಸಾಗಬೇಕು. ಅವಳು ಪೇಪರ್ ಹಿಡಿದು ಕೂರುತ್ತಾಳೆ, ಇವನು ಗಡಿಯಾರ ಹಿಡಿದು ನಿಲ್ಲುತ್ತಾನೆ, ಅವಳು ಮಿಸುಕಿದ ನಿಮಿಷ ಕುರ್ಚಿಯ ತಳ ಸೇರುತ್ತದೆ.

"ಈ ಊರಲ್ಲಿ ಯಾರು ಎಷ್ಟೊತ್ತು ಕೂತು ಉಣ್ಬೇಕು ಅಂತ ಹೇಳೋಳು ನಾನು" ಎಂದು ಅವಳು ನೆಂಟರ ಮುಂದೆ ಹೇಳಿಕೊಳ್ಳುವುದಿತ್ತು. ಹೇಳಿಕೊಂಡರೇನು, ಆ ಹೋಟೆಲುಗಳಲ್ಲಿ ಒಂದರಲ್ಲೂ ಅವಳು ಕೂತು ಉಂಡವಳಲ್ಲ. ಮೇಸ್ತ್ರಿ ಹೋಟೆಲಿನಲ್ಲಿ ಕೂತರೆ ಲೆಕ್ಕ ನೋಡಲು ಒಂದು ಟೀಗೆ ಮಾತ್ರ, ಉಳಿದಂತೆ ಹಿಂಬಾಗಿಲಲ್ಲಿ ಕುರ್ಚಿ ಇಳಿಸಿ ಹಿಂಬಾಗಿಲಲ್ಲೇ ವಾಪಸು ಬರುವವನು. ನಾವೇ ಮಾಡಿದ ಕುರ್ಚಿಯಲ್ಲಿ ಕೂರಲು ನಾವೇ ದುಡ್ಡು ಕೊಡಬೇಕೇ ಎನ್ನುವುದು ಅವನ ವಾದ.

ಈ ವರ್ಷ ಆಫೀಸುಗಳ ಬೀದಿಯಲ್ಲಿ ಊಟದ ಹೋಟೆಲು ತೆರೆದ ಒಬ್ಬ ಸಾಹುಕಾರ ನಲವತ್ತು ಕುರ್ಚಿ ಬೇಕೆಂದು ಬಂದ. ಬಾಯಿ ತೆರೆಯುವ ಮೊದಲು ಗಡಿಯಾರ ನೋಡುವ ಆಸಾಮಿ.

"ಮೇಸ್ತ್ರಿ, ಹನ್ನೆರಡೂವರೆಯಿಂದ ಎರಡೂವರೆ, ನನಗೆ ಸಿಗೋದು ಅಷ್ಟೇ ಹೊತ್ತು. ಬಂದೋರು ಇಪ್ಪತ್ತು ನಿಮಿಷಕ್ಕೆ ಎದ್ರೆ ನಾನು ಉಳ್ಕೋತೀನಿ. ಇದು ಸರಿಹೋದ್ರೆ ಇನ್ನೂ ಮೂರು ಕಡೆ ತೆಗೀತೀನಿ, ಅಲ್ಲಿಗೂ ನೀವೇ."

ಪ್ಲಾಸ್ಟಿಕ್ ಕುರ್ಚಿಗಳು ಬಂದ ಮೇಲೆ ಮೇಸ್ತ್ರಿಯ ಕೋಣೆಗೆ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಅವನು ಖುಷಿಯಲ್ಲಿ ಆಸನವನ್ನು ಅರ್ಧ ಬೆರಳು ಮುಂದಕ್ಕೆ ವಾಲಿಸಿ, ಬೆನ್ನನ್ನು ನೆಟ್ಟಗೆ ನಿಲ್ಲಿಸಿ ಮಾದರಿ ಮಾಡಿದ. ಹೆಂಡತಿ ಪೇಪರ್ ಹಿಡಿದು ಕೂತಳು. ಆರೇ ನಿಮಿಷಕ್ಕೆ ಮಿಸುಕಿದಳು.

ವಯಸ್ಸಾಯಿತು, ಕೈ ಒರಟಾಗಿದೆ ಎಂದುಕೊಂಡು ಮೇಸ್ತ್ರಿ ಬೆನ್ನನ್ನು ಸ್ವಲ್ಪ ಬಾಗಿಸಿದ. ಒಂಬತ್ತು ನಿಮಿಷ. ಆಸನವನ್ನು ಅಗಲ ಮಾಡಿದ. ಹದಿನಾಲ್ಕು. ಕೊನೆಗೆ ವಾಲಿಕೆಯನ್ನೇ ತೆಗೆದು, ಆಸನದ ನಡುವೆ ತಗ್ಗು ಕೆತ್ತಿ, ಉಪ್ಪುಕಾಗದದಲ್ಲಿ ಬೆಣ್ಣೆಯಂತೆ ಉಜ್ಜಿದ ಮೇಲೆ ಅವಳು ಇಪ್ಪತ್ತು ನಿಮಿಷ ಕೂತಳು. ಮೇಸ್ತ್ರಿ ತಳದಲ್ಲಿ ಇಪ್ಪತ್ತು ಎಂದು ಬರೆದ. ಅದೇ ಅಳತೆಗೆ ನಲವತ್ತು ಮಾಡಿ ಕಳಿಸಿದ.

ಎಂಟನೇ ದಿನ ಸಾಹುಕಾರನ ಫೋನು ಬಂತು.

"ಏನ್ ಮೇಸ್ತ್ರಿ, ನೀವು ಕಳಿಸಿದ್ದು ಕುರ್ಚಿನಾ ತೊಟ್ಟಿಲಾ? ಒಬ್ಬ ಊಟ ಮುಗಿಸಿ ಚಪ್ಪಲಿ ಬಿಟ್ಟು ಚಕ್ಕಂಬಕ್ಕಲ ಹಾಕ್ಕೊಂಡು ಕೂತಿದಾನೆ. ಇನ್ನೊಬ್ಬ ಗೊರಕೆ ಹೊಡೀತಿದಾನೆ. ಬಾಗಿಲಲ್ಲಿ ನಿಂತೋರು ನೋಡೋ ತನಕ ನೋಡಿ ಎದುರುಗಡೆ ಹೋಟ್ಲಿಗೆ ಹೋಗ್ತಿದಾರೆ!"

ಮೇಸ್ತ್ರಿ ಓಡಿದ. ಮೂಲೆಯಲ್ಲಿ ನಿಂತು ಗಡಿಯಾರ ಹಿಡಿದ. ಐವತ್ತು, ಐವತ್ತೈದು, ಒಬ್ಬಳಂತೂ ಗೆಳತಿಯ ಸಂಸಾರದ ಕಥೆ ಕೇಳುತ್ತಾ ಒಂದೂಕಾಲು ಗಂಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಸ್ತ್ರಿಯೂ ಮಟ್ಟಗೋಲು ತಂದು ಹೋಟೆಲಿನ ನೆಲದ ಮೇಲಿಟ್ಟು ನೋಡಿದ. ನೆಲ ನೆಟ್ಟಗಿತ್ತು.

"ಈ ತಿಂಗಳು ಮುಗಿಯೋದರೊಳಗೆ ಸರಿಮಾಡಿ" ಎಂದ ಸಾಹುಕಾರ. "ಇಲ್ಲಾಂದ್ರೆ ಇವನ್ನ ಹೊತ್ಕೊಂಡು ಹೋಗಿ. ನಾನು ಪ್ಲಾಸ್ಟಿಕ್ ತರ್ಸ್ಕೋತೀನಿ."

ಮೇಸ್ತ್ರಿಗೆ ನಿದ್ದೆ ಹತ್ತಲಿಲ್ಲ. ಸಾಹುಕಾರ ಹೋದರೆ ಕೋಣೆಗೆ ಬೀಗ ಬೀಳುತ್ತದೆ, ಆ ಭಯ ಇದ್ದೇ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದದ್ದು ಕುತೂಹಲ. ಮೂವತ್ತು ವರ್ಷ ತಪ್ಪದ ಲೆಕ್ಕ ಈಗೇಕೆ ತಪ್ಪಿತು? ಜನರೇ ಬದಲಾದರೇ? ಮೊಬೈಲು ಕೈಗೆ ಬಂದ ಮೇಲೆ ಅವರಿಗೆ ಸೊಂಟದ ನೆನಪೇ ಇಲ್ಲವಾಯಿತೇ? ಅಥವಾ ಈಗಿನ ಮರವೇ ಬೇರೆ ಬಗೆಯದೇ? ಬೆಳಗಾಗುವ ಹೊತ್ತಿಗೆ ಅವನಿಗೆ ಉಪಾಯ ಹೊಳೆಯಿತು. ಹಳೆಯ ಕುರ್ಚಿಗಳು ಊರಿನ ಹೋಟೆಲುಗಳಲ್ಲಿ ಇನ್ನೂ ಇವೆ, ಅವುಗಳ ತಳದಲ್ಲಿ ಅಂಕಿಯೂ ಇದೆ. ಅವುಗಳಲ್ಲಿ ಹೆಂಡತಿಯನ್ನು ಮತ್ತೆ ಕೂರಿಸಿ ನೋಡಿದರೆ ಕೆಟ್ಟಿದ್ದು ಯಾವುದು ಎಂದು ತಿಳಿಯುತ್ತದೆ.

"ಲೇ, ಇವತ್ತಿಂದ ಮಧ್ಯಾಹ್ನದ ಊಟ ಹೊರಗೆ" ಎಂದ.

ಹೆಂಡತಿ ಪೇಪರಿನ ಮೇಲಿಂದ ಇಣುಕಿದಳು. "ಯಾಕ್ರೀ, ಗ್ಯಾಸ್ ಖಾಲಿಯಾಯ್ತಾ?"

ಕಾರಣ ಹೇಳಿದಾಗ ಅವಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಳು. ಮೇಸ್ತ್ರಿಗೆ ಕಂಡದ್ದು ಸೀರೆ ಮಾತ್ರ.

ಮೊದಲು ಹೋದದ್ದು ರೈಲ್ವೆ ಸ್ಟೇಷನ್ನಿನ ಹತ್ತಿರದ ಸೂಪಿನ ಅಂಗಡಿಗೆ. ಕಿಷ್ಕಿಂಧೆಯಂಥ ಜಾಗ, ಗೋಡೆಗೆ ಹತ್ತಿದ ಉದ್ದನೆಯ ಹಲಗೆಯೇ ಮೇಜು. ತಳದ ಅಂಕಿ ಇಪ್ಪತ್ತೈದು. ಹೆಂಡತಿ ಬಟ್ಟಲಿನ ಆವಿಯಲ್ಲಿ ಮುಖವಿಟ್ಟು, ಪಕ್ಕದಲ್ಲಿ ಪೆಟ್ಟಿಗೆಯನ್ನು ಕಾಲಸಂದಿಯಲ್ಲಿ ಹಿಡಿದು ಕೂತವನ ಕಡೆ ತಿರುಗಿ, "ಯಾವ ಗಾಡಿಗೆ ಹೊರಟ್ರಿ? ಮನೇಲಿ ಊಟ ಮಾಡ್ಕೊಂಡು ಬರ್ಲಿಲ್ವಾ?" ಎಂದು ವಿಚಾರಿಸತೊಡಗಿದಳು. ಹನ್ನೊಂದನೇ ನಿಮಿಷಕ್ಕೆ ಮಿಸುಕಿದಳು. ಪೆಟ್ಟಿಗೆಯವನು ಗಾಡಿಯ ಹೊತ್ತಾಗುವವರೆಗೆ, ಎಂದರೆ ಸರಿಯಾಗಿ ಇಪ್ಪತ್ತಾರನೇ ನಿಮಿಷದವರೆಗೆ, ಅಲುಗಲಿಲ್ಲ.

ಎರಡನೆಯದು ಮೀನಿನ ಹೋಟೆಲು. ಅಲ್ಲಿ ಮಾತಾಡುವವರೇ ಇಲ್ಲ, ಎಲ್ಲರಿಗೂ ಮುಳ್ಳಿನ ಮೇಲೆ ಗಮನ. ಹೆಂಡತಿ ಮೀನಿನ ಅಸ್ಥಿಪಂಜರವನ್ನು ಎತ್ತಿ ಹಿಡಿದು, "ನೋಡ್ರೀ, ಒಂದು ಮೊಳೆ ಹೊಡೀದೆ ಎಷ್ಟು ಚೆನ್ನಾಗಿ ಜೋಡ್ಸಿದಾನೆ ದೇವ್ರು" ಎಂದಳು. ಮೇಸ್ತ್ರಿಗೆ ಅದನ್ನು ನೋಡಲು ಪುರಸೊತ್ತಿಲ್ಲ, ಕಣ್ಣು ಗಡಿಯಾರದ ಮೇಲೆ. ತಳದಲ್ಲಿ ನಲವತ್ತು. ಅವಳು ಹದಿಮೂರು.

ಮೂರನೆಯದು ಮೊದಲ ಮಹಡಿಯ ಹಳೆ ಕಾಫಿ ಹೌಸು, ಬೆತ್ತದ ಕುರ್ಚಿಗಳು. ಅಲ್ಲಿಗೆ ಹತ್ತುವ ಮೆಟ್ಟಿಲಿನ ಗೋಡೆಯುದ್ದಕ್ಕೂ ಹಳೆಯ ಫೋಟೋಗಳು. ಹೆಂಡತಿ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, "ಇವನ್ಯಾರು, ಮೀಸೆ ನೋಡಿ", "ಈ ಕುದುರೆಗಾಡಿ ನಿಂತಿರೋ ಜಾಗ ಈಗಿನ ಬಸ್‌ಸ್ಟ್ಯಾಂಡಲ್ವಾ?" ಎಂದು ಒಂದೊಂದನ್ನೂ ಓದಿಯೇ ಮುಂದೆ ಹೋದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದುಕೊಂಡು ಮೇಸ್ತ್ರಿ ಮೇಲೆ ಕಾದ. ಕಾಫಿ ಹೌಸಿನಲ್ಲಿ ಒಬ್ಬೊಬ್ಬರೇ ಕೂತ ಮುದುಕರು ಖಾಲಿ ಲೋಟದ ಮುಂದೆ ಎಪ್ಪತ್ತು ನಿಮಿಷ, ತಳದಲ್ಲಿ ಬರೆದಷ್ಟೇ, ಕೂತರು. ಅವಳು ಹದಿನೈದು. ಮೇಸ್ತ್ರಿ ಕುರ್ಚಿ ಮಗುಚಿ ಬೆತ್ತವನ್ನು ತಟ್ಟಿ ನೋಡಿದ. ಬಿಗಿಯಾಗಿಯೇ ಇತ್ತು.

ನಾಲ್ಕನೆಯದು ಹತ್ತನೇ ಮಹಡಿಯ ಹೋಟೆಲು. ಲಿಫ್ಟಿತ್ತು, ಆದರೆ ಬಸ್ಸಿಳಿದು ಅಲ್ಲಿಗೆ ನಡೆಯಲು ಅರ್ಧ ಗಂಟೆ ಹಿಡಿಯಿತು. ದಾರಿಯ ಪ್ರತಿ ಅಂಗಡಿಯ ಗಾಜಿನ ಮುಂದೆ ಅವಳು ನಿಂತಳು, ಟೋಪಿ ಅಂಗಡಿಯ ಮುಂದೆಯೂ. ಮೇಲೆ ಹೋದರೆ ಒಬ್ಬೊಬ್ಬರ ಮುಂದೆ ಮೂರು ಮೂರು ಚಮಚ. ಕೈಗೆ ಬಿಳಿ ಗವಸು ತೊಟ್ಟ ಸರ್ವರನನ್ನು ಅವಳು, "ಅಲ್ಲಪ್ಪಾ, ಮೂರು ಚಮಚ ಯಾಕೆ, ಬಾಯಿ ಒಂದೇ ಅಲ್ವಾ?" ಎಂದು ಕೇಳಿದಳು. ಅವನು ನಗಬಾರದೆಂದು ಕೆಲಸದ ಕರಾರಿನಲ್ಲೇ ಇತ್ತೋ ಏನೋ, ಆದರೂ ನಕ್ಕುಬಿಟ್ಟ. ದೊಡ್ಡ ತಟ್ಟೆಯ ನಡುವೆ ಬೆರಳುದ್ದದ ಮಾಂಸದ ತುಂಡು ಬಂತು. "ಇದು ತೋರಿಸೋಕೆ ತಂದಿದ್ದಾ, ತಿನ್ನೋಕೆ ತಂದಿದ್ದಾ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು. ತುತ್ತು ಬಾಯಿಗಿಟ್ಟ ಮೇಲೆ ಕಣ್ಣು ಮುಚ್ಚಿ ಸುಮ್ಮನಾದಳು, ಅಷ್ಟು ರುಚಿ. ಮಖಮಲ್ಲಿನ ಕುರ್ಚಿ, ತಳದಲ್ಲಿ ತೊಂಬತ್ತು. ಎದುರಿನ ಮೇಜಿನ ದಪ್ಪ ಗೃಹಸ್ಥ ತೊಂಬತ್ತನೇ ನಿಮಿಷಕ್ಕೆ, ಹೇಳಿ ಮಾಡಿಸಿದಂತೆ, ಮಿಸುಕಿದ. ಅವಳು ಹದಿನಾಲ್ಕಕ್ಕೆ ಮಿಸುಕಿದ್ದಳು.

ಲಿಫ್ಟಿನಲ್ಲಿ ಇಳಿಯುವಾಗ ಮೇಸ್ತ್ರಿಗೆ ತಲೆ ಬಿಸಿಯಾಯಿತು. ಕುರ್ಚಿಗಳು ಸರಿ ಇವೆ. ಜನರೂ ಸರಿ ಇದ್ದಾರೆ. ಲೆಕ್ಕ ತಪ್ಪಿರುವುದು ಇವಳೊಬ್ಬಳದೇ. ಹಾಗಾದರೆ ಇವಳು ಬೇಕೆಂದೇ ಮಿಸುಕುತ್ತಿದ್ದಾಳೆಯೇ? ಮೂವತ್ತು ವರ್ಷ ಕೂರಿಸಿದ್ದಕ್ಕೆ ಬೇಸತ್ತು ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆಯೇ? ಅಂಥ ಮಾತು ಮನಸ್ಸಿಗೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೆ ಬಂದದ್ದು ಹೋಗಲಿಲ್ಲ.

ತಿಂಗಳು ಮುಗಿಯಲು ಆರು ದಿನ ಇರುವಾಗ ಅವಳನ್ನು ಸಾಹುಕಾರನ ಹೋಟೆಲಿಗೇ ಕರೆದುಕೊಂಡು ಹೋದ. ಎದುರುಬದುರು ಕೂತರು. ಅನ್ನ, ಬೇಳೆ, ಹುರಿದ ತರಕಾರಿ ಬಂತು. ಬಾಗಿಲಲ್ಲಿ ಕಾಯುವವರ ಸಾಲಿತ್ತು. ಕ್ಯಾಶಿನಲ್ಲಿ ಸಾಹುಕಾರ ಗಡಿಯಾರವನ್ನೂ ಮೇಸ್ತ್ರಿಯನ್ನೂ ಸರದಿಯ ಮೇಲೆ ನೋಡುತ್ತಿದ್ದ. ಹದಿನಾರನೇ ನಿಮಿಷಕ್ಕೆ ಹೆಂಡತಿ ಮಿಸುಕಿದಳು. ಮೇಸ್ತ್ರಿಗೆ ತನ್ನ ಕುರ್ಚಿ ಅಮ್ಮನ ಮಡಿಲಿನಷ್ಟು ಹಿತವಾಗಿತ್ತು.

"ನಿಜ ಹೇಳು, ಬೇಕೂಂತ ಮಾಡ್ತಿದೀಯಾ?" ಎಂದ. ದನಿ ಒರಟಾಯಿತು.

"ಏನ್ರೀ?"

"ಮಿಸುಕೋದು."

ಅವಳು ತಲೆ ಬಗ್ಗಿಸಿ ಅನ್ನ ಕಲಸಿದಳು. ಸಿಟ್ಟಿನಲ್ಲಿ ಅವನ ಮೊಣಕೈ ತಗಲಿ ಚಮಚ ಕೆಳಗೆ ಬಿತ್ತು. ಎತ್ತಿಕೊಳ್ಳಲು ಮೇಜಿನ ಕೆಳಗೆ ಬಗ್ಗಿದ. ಬಗ್ಗಿದವನ ಕಣ್ಣು ಅಭ್ಯಾಸಬಲದಿಂದ ಎದುರಿನ ಕುರ್ಚಿಯ ಕಡೆ ಹೋಯಿತು.

ಅವಳು ಕುರ್ಚಿಯ ಅರ್ಧದಲ್ಲಿ ಮಾತ್ರ ಕೂತಿದ್ದಳು. ಭಾರವೆಲ್ಲ ಬಲಗಡೆಗೆ. ಎಡ ತೊಡೆ ಆಸನಕ್ಕೆ ತಾಗದಂತೆ ಅದರಡಿಗೆ ತನ್ನ ಎಡಗೈಯನ್ನು ಅಡ್ಡ ಇಟ್ಟುಕೊಂಡಿದ್ದಳು. ಒತ್ತಿ ಒತ್ತಿ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಮೇಲೆ ಬಲಗೈ ಆರಾಮವಾಗಿ ಅನ್ನ ಕಲಸುತ್ತಿತ್ತು.

ಮೇಸ್ತ್ರಿ ತುಸು ಹೊತ್ತು ಮೇಜಿನ ಕೆಳಗೇ ಇದ್ದ. ಮೆಟ್ಟಿಲಿನ ಫೋಟೋಗಳು, ಟೋಪಿ ಅಂಗಡಿಯ ಗಾಜು, ಮನೆಯ ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯವರು ಏನು ಒಣಹಾಕಿದ್ದಾರೆಂದು ನಿಂತು ನೋಡುವುದು, ಎಲ್ಲ ಒಂದರ ಹಿಂದೆ ಒಂದು ನೆನಪಾದವು. ಅದೆಲ್ಲ ಬರೀ ಕುತೂಹಲವಲ್ಲ, ಸುಧಾರಿಸಿಕೊಳ್ಳಲು ನಿಂತದ್ದು. ಊರಿನವರ ಸೊಂಟವನ್ನೆಲ್ಲ ಬಲ್ಲವನಿಗೆ ಮನೆಯವಳದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

"ಎಷ್ಟು ದಿನದಿಂದ?" ಎಂದು ಮೇಲೆ ಬಂದು ಕೇಳಿದ.

ಅವಳು ಕೈಯನ್ನು ಮೆಲ್ಲಗೆ ಹೊರತೆಗೆದಳು. ಅಂಗೈ ಹಿಂಬದಿಯಲ್ಲಿ ಕುರ್ಚಿಯ ಅಂಚಿನ ಗೆರೆ ಮೂಡಿತ್ತು. "ಹತ್ತು ತಿಂಗಳಾಯ್ತು. ನಿಂತ್ರೆ ಅಷ್ಟಿಲ್ಲ, ಕೂತ್ರೆ ಜಾಸ್ತಿ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅಳತೆಗೆ ಬೇರೆ ಯಾರನ್ನಾದ್ರೂ ಕೂರಿಸ್ತಿದ್ರಿ."

"ಕೂರಿಸಿದ್ರೆ ಏನಾಗ್ತಿತ್ತು?"

ಅವಳ ಕಣ್ಣು ತುಂಬಿತು. "ನಿಮಗೆ ಉಳಿ ಇದೆ, ಗರಗಸ ಇದೆ. ನನಗಿರೋದು ಅದೊಂದೇ ಕೆಲಸ, ಇಡೀ ಊರು ನನ್ನ ಮಾತು ಕೇಳಿ ಕೂರುತ್ತೆ ಅನ್ನೋದು. ಅದನ್ನೂ ಬಿಟ್ಟು ನಾನೇನು ಮಾಡ್ಲಿ? ಇಪ್ಪತ್ತು ನಿಮಿಷ ಹಲ್ಲು ಕಚ್ಕೊಂಡು ಕೂತೆ ಕಣ್ರೀ ಆವತ್ತು. ನಿಮ್ಮ ಆರ್ಡರು ಕೈತಪ್ಪಬಾರ್ದು ಅಂತ."

ಅವಳು ನೋವಿಗೆ ಮಿಸುಕಿದಷ್ಟೂ ತಾನು ಕುರ್ಚಿಯದೇ ತಪ್ಪೆಂದು ಅದನ್ನು ಮೆತ್ತಗೆ ಮಾಡುತ್ತಾ ಹೋಗಿದ್ದೆ ಎಂದು ಮೇಸ್ತ್ರಿಗೆ ಅರ್ಥವಾಯಿತು. ಆಗ ಸಾಹುಕಾರ ಅಲ್ಲಿಗೆ ಬಂದು ನಿಂತ.

"ಏನ್ ಮೇಸ್ತ್ರಿ, ತಪ್ಪು ಎಲ್ಲಿದೆ ಅಂತ ಸಿಕ್ತಾ?"

"ಸಿಕ್ತು ಸಾಹುಕಾರ್ರೇ. ಇವು ನಿಮ್ಮ ಗಿರಾಕಿಗಳಿಗೆ ಮಾಡಿದ ಕುರ್ಚಿಗಳಲ್ಲ. ಸೊಂಟ ನೋಯೋ ಇವಳಿಗೆ ಮಾಡಿದ ಕುರ್ಚಿಗಳು. ನನಗೇ ಗೊತ್ತಿರಲಿಲ್ಲ." ಹಾಗೆಂದು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. "ಮೂವತ್ತೊಂಬತ್ತನ್ನ ಆರು ದಿನದಲ್ಲಿ ಸರಿಮಾಡಿ ಕೊಡ್ತೀನಿ. ಒಂದನ್ನ ಮಾತ್ರ ಮುಟ್ಟೋದಿಲ್ಲ. ಅದು ಆ ಗೋಡೆ ಪಕ್ಕ ಇರ್ಲಿ. ನಿಮ್ಮ ಗಲಾಟೆ ಮುಗಿದ ಮೇಲೆ ವಾರಕ್ಕೊಂದು ಸಲ ಇವಳನ್ನ ಕರ್ಕೊಂಡು ಬಂದು ಉಣ್ತೀನಿ."

ಸಾಹುಕಾರ ಗಡಿಯಾರ ನೋಡಿದ, ಸಾಲು ನೋಡಿದ, ಆಮೇಲೆ ಅವಳ ಕೈ ನೋಡಿದ. "ಮೂರು ಗಂಟೆ ಮೇಲೆ ಬನ್ನಿ ಅಕ್ಕಾ" ಎಂದು ಹೇಳಿ, ಈಗ ಜಾಗ ಬಿಟ್ಟುಕೊಡಿ ಎನ್ನುವಂತೆ ಅಲ್ಲೇ ನಿಂತ.

ಮಾರನೇ ದಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸೊಂಟದ ಎಡಗೀಲು ಸವೆದಿದೆ, ಆಪರೇಷನ್ ಸದ್ಯಕ್ಕೆ ಬೇಡ, ಮಾತ್ರೆ ಮತ್ತು ದಿನಾ ವ್ಯಾಯಾಮ ಎಂದರು. ಮೇಸ್ತ್ರಿ ಕೇಳಿದ ಪ್ರಶ್ನೆಗಳಿಗೆ ಅವರಿಗೆ ಸುಸ್ತಾಯಿತು. ಯಾವ ಕಡೆ ಸವೆದಿದೆ, ಎಷ್ಟು ಸವೆದಿದೆ, ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ. "ನೀವು ಇದೇ ಲೈನಿನವರಾ?" ಎಂದು ಡಾಕ್ಟರು ಕೇಳಿದರು.

ಕುರ್ಚಿಗಳು ಸೈಕಲ್ ಅಂಗಡಿಯ ಹಿಂದಕ್ಕೆ ವಾಪಸು ಬಂದವು. ಮುಂಗಾಲು ಅರ್ಧ ಬೆರಳು ಕತ್ತರಿಸಬೇಕು, ಬೆನ್ನು ಬದಲಾಯಿಸಬೇಕು. ಆದರೆ ಅಳತೆಗೆ ಕೂರುವವರು ಯಾರು? ಸೈಕಲ್ ಅಂಗಡಿಯವನನ್ನು ಕೂಗಲೇ ಎಂದು ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಡಾಕ್ಟರು ಹೇಳಿದ ಕೋಲೂರಿಕೊಂಡು ಕೆಳಗೆ ಬಂದು ಕೈ ಚಾಚಿದಳು.

"ಗಡಿಯಾರ ಇಲ್ಲಿ ಕೊಡಿ. ನೀವು ಕೂತ್ಕೊಳ್ಳಿ."

"ನಾನಾ?"

"ಮತ್ತಿನ್ಯಾರು? ಮೂವತ್ತು ವರ್ಷ ನೀವು ನಿಂತಿದ್ರಿ, ನಾನು ಕೂತಿದ್ದೆ. ನಿಮ್ಮ ಬೆನ್ನೂ ಮನುಷ್ಯರ ಬೆನ್ನೇ ತಾನೇ?"

ಅವಳು ಕಂಬಕ್ಕೆ ಒರಗಿ ನಿಂತು ಪೇಪರನ್ನು ತಾರೀಖಿನಿಂದ ಗಟ್ಟಿಯಾಗಿ ಓದತೊಡಗಿದಳು. ಅವನು ಮಾದರಿಯಲ್ಲಿ ಕೂತು ಕೇಳಿದ. ಕಾಣೆಯಾದ ನಾಯಿಯ ಜಾಹೀರಾತು ಬಂದಾಗ, "ಯಾವ ಬಣ್ಣದ್ದಂತೆ?" ಎಂದು ಕೇಳಿಯೂಬಿಟ್ಟ. ಹತ್ತೊಂಬತ್ತನೇ ನಿಮಿಷಕ್ಕೆ ಮಿಸುಕಿದ.

"ಇಪ್ಪತ್ತು ಬೇಕಿತ್ತು" ಎಂದ.

"ಹತ್ತೊಂಬತ್ತೇ ಬರೀರಿ. ನಿಮ್ಮದು ಸ್ವಲ್ಪ ಚಡಪಡಿಕೆ ಸ್ವಭಾವ, ಬೇರೆಯವರು ಇಪ್ಪತ್ತು ಕೂರ್ತಾರೆ."

ಮೂವತ್ತೊಂಬತ್ತು ಕುರ್ಚಿಗಳು ಹೇಳಿದ ದಿನಕ್ಕೆ ಹೋದವು. ಬಾಗಿಲಿನ ಸಾಲು ಸರಸರ ಕರಗತೊಡಗಿತು. ಸಾಹುಕಾರ ಉಳಿದ ಮೂರು ಹೋಟೆಲುಗಳ ಮಾತೆತ್ತಿದ.

ನಲವತ್ತನೆಯ ಕುರ್ಚಿ ಗೋಡೆಯ ಪಕ್ಕ ಉಳಿಯಿತು. ಅದರ ತಳದಲ್ಲಿ ಮಾತ್ರ ಒಂದಲ್ಲ, ಅಂಕಿಗಳ ಸಾಲೇ ಇದೆ. ವಾರಕ್ಕೊಂದರಂತೆ ಮೇಸ್ತ್ರಿ ಬರೆದದ್ದು. ಇಪ್ಪತ್ತನ್ನು ಹೊಡೆದುಹಾಕಿ ಹದಿನಾರು, ಅದರ ಕೆಳಗೆ ಹದಿನೆಂಟು, ಮತ್ತೆ ಹದಿನೈದು, ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಮೂವತ್ತಮೂರು. ಈಗ ಅವಳು ಎರಡು ಕೈಯನ್ನೂ ಮೇಜಿನ ಮೇಲಿಟ್ಟುಕೊಂಡು ಕೂರುತ್ತಾಳೆ, ಪೂರ್ತಿ ಕುರ್ಚಿಯಲ್ಲಿ.

ಮೊನ್ನೆ ಹೋದಾಗ ತರಕಾರಿಯ ಪಲ್ಯದಲ್ಲಿ ಏನೋ ಹೊಸ ರುಚಿ ಇತ್ತು. ಬೆಳ್ಳುಳ್ಳಿ ಹುರಿದು ಹಾಕಿದ್ದಾರೆ ಎಂದು ಅವಳು, ಹುರಿದಿಲ್ಲ ಸುಟ್ಟಿದ್ದಾರೆ ಎಂದು ಇವನು. ಇಬ್ಬರೂ ಬಿಡಲಿಲ್ಲ. ಇನ್ನೊಂದು ತಟ್ಟೆ ತರಿಸಿ ತಿಂದು ಮತ್ತೆ ವಾದಿಸಿದರು. ಅಲ್ಲಿಂದ ಮಾತು ಹತ್ತನೇ ಮಹಡಿಯ ಮೂರು ಚಮಚಕ್ಕೆ ಹೋಯಿತು, ಅಲ್ಲಿಂದ ನಾಯಿ ಸಿಕ್ಕಿತೇ ಎಂಬಲ್ಲಿಗೆ ಬಂತು. ನೆತ್ತಿಯ ಮೇಲೆ ಯಾರೋ ಕೆಮ್ಮಿದಂತಾಗಿ ನೋಡಿದರೆ ಸಾಹುಕಾರ.

"ಮೇಸ್ತ್ರಿ, ನಾಲ್ಕೂಕಾಲು ಆಯ್ತು. ನೆಲ ಒರೆಸ್ಬೇಕು, ಏಳ್ತೀರಾ?"

ಮೂರು ಗಂಟೆಗೆ ಬಂದು ಕೂತವರು. ಮೇಸ್ತ್ರಿ ಗಡಬಡಿಸಿ ಎದ್ದು, ಅವಳನ್ನೂ ಎಬ್ಬಿಸಿ, ಅವಳ ಕುರ್ಚಿಯನ್ನು ಮಗುಚಿ, ಪೆನ್ಸಿಲ್ ಹಿಡಿದ. ಹಿಡಿದವನು ಹಾಗೇ ನಿಂತ.

"ನಾನು ಎಷ್ಟನೇ ನಿಮಿಷಕ್ಕೆ ಮಿಸುಕಿದೆ?" ಎಂದು ಹೆಂಡತಿ ಕೇಳಿದಳು.

"ಗೊತ್ತಿಲ್ಲ ಕಣೇ. ನೋಡಲೇ ಇಲ್ಲ."

"ನೋಡದೆ ಇದ್ದಿದ್ದನ್ನ ಬರೀಬೇಡಿ" ಎಂದಳು, ಕೋಲಿಗೆ ಕೈ ಚಾಚುತ್ತಾ. "ಬರೋ ವಾರ ಮತ್ತೆ ಬರೋಣ."

ಮೇಸ್ತ್ರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕುರ್ಚಿಯನ್ನು ಗೋಡೆಗೆ ಸರಿಸಿಟ್ಟ.